ಅತ್ತೆಯ ಜೋಗುಳ, ಗದ್ದಲದ ಸಮೇತ

ಆರಿಸಿಕೊಳ್ಳುವ ಕಷ್ಟವಿಲ್ಲದಿರುವುದೂ ದೇವರು ಕೊಟ್ಟ ಸುಖವೇ ಎಂದು ನನಗೆ ಈಚೆಗೆ ತಿಳಿಯಿತು. ಕಂಪ್ಲಿಯ ತವರಿನಲ್ಲಿ ಅವ್ವನ ಹಾಡನ್ನು ಅಪ್ಪ ಟೇಪ್ ರೆಕಾರ್ಡರಿಗೆ ತುಂಬಿಸುವಾಗ ಇದ್ದದ್ದು ಒಂದೇ ಕೆಂಪು ಗುಂಡಿ. ಒತ್ತಿದರೆ ಅವ್ವನ ದನಿಯ ಜೊತೆ ಪಕ್ಕದ ಅಕ್ಕಿ ಗಿರಣಿಯ ಧಡಧಡವೂ ಒಳಗೆ ಹೋಗಿ ಕೂರುತ್ತಿತ್ತು. ಆ ಕ್ಯಾಸೆಟ್ಟು ಈಗಿಲ್ಲ. ಎಲ್ಲಿಯಾದರೂ ಗಿರಣಿಯ ಸದ್ದು ಕೇಳಿದರೆ ಮಾತ್ರ ಈಗಲೂ ಅವ್ವನ ಹಾಡು ನೆನಪಾಗಿ ಕಾಲು ನಿಲ್ಲುತ್ತದೆ.

ನಮ್ಮ ಮನೆಯ ಕೂಸುಗಳೆಲ್ಲ ಮೊದಲ ಸಲ ತೊಟ್ಟಿಲು ತೂಗಿಸಿಕೊಂಡದ್ದು ನಮ್ಮತ್ತೆಯ ಜೋಗುಳಕ್ಕೆ. ವಡ್ಡು ಎಂಬ ಊರಿನಲ್ಲಿರುವ ನನ್ನ ಮಗಳು ಗಿರಿಜೆಯ ಎರಡನೆಯ ಕೂಸನ್ನು ಮರುದಿನ ತೊಟ್ಟಿಲಿಗೆ ಹಾಕುವುದಿತ್ತು. ಇಲ್ಲಿ ಹೊಸಪೇಟೆಯಲ್ಲಿ ಮೊಣಕಾಲು ನೋವಿನ ಅತ್ತೆ ಬಸ್ಸು ಹತ್ತಲಾರರು, ಅವರನ್ನು ಬಿಟ್ಟು ನಾನೂ ಹೋಗುವಂತಿರಲಿಲ್ಲ. ಹಾಡಾದರೂ ಬರಲಿ ಎಂದು ಅಳಿಯಂದಿರು ಲ್ಯಾಪ್‌ಟಾಪಿನಲ್ಲಿ ಎರಡು ಸಾಫ್ಟ್‌ವೇರ್ ಹಾಕಿಕೊಟ್ಟಿದ್ದರು. ಒಂದು ಬಡಪಾಯಿ, ಹಾಡು ತುಂಬಿಸಿಕೊಳ್ಳುತ್ತದೆ, ಅಷ್ಟೆ. ಇನ್ನೊಂದರಲ್ಲಿ ಲೆಕ್ಕವಿಲ್ಲದಷ್ಟು ಗುಂಡಿಗಳು, ಮೇಲೆ ಗದ್ದಲ ತೆಗೆಯುವ ವಿದ್ಯೆ ಬೇರೆ. ನನ್ನ ಮನಸ್ಸು ಗುಂಡಿ ಹೆಚ್ಚಿದ್ದ ಕಡೆಗೇ ಹೋಯಿತು. ಸೀರೆ ಅಂಗಡಿಯಲ್ಲೂ ನಾನು ಹಾಗೆಯೇ.

"ಬರೇ ಕೈಲೆ ಕುಂತ್ರ ಹಾಡು ಬರಂಗಿಲ್ಲ" ಎಂದು ಅತ್ತೆ ಗುಂಡುಕಲ್ಲನ್ನು ಬಟ್ಟೆಯಲ್ಲಿ ಸುತ್ತಿ, ಮೊರದಲ್ಲಿ ಮಲಗಿಸಿ ತೂಗುತ್ತ ಹಾಡಿದರು. ನಡುವೆ ಬಳೆ, ಕುಕ್ಕರಿನ ಸೀಟಿ, "ಚಾ ಆತೇನು?" ಎಂಬ ನಮ್ಮ ಯಜಮಾನರ ಕೂಗು. ನಾನು "ಶ್!" ಎಂದೆ. ಕುಕ್ಕರಿಗೂ ಹೇಳಿದೆ. ಹಾಡು ಮುಗಿಯುವಷ್ಟರಲ್ಲಿ ಅತ್ತೆಯ ಗಂಟಲು ಕಟ್ಟಿತು. ಇನ್ನೊಮ್ಮೆ ಹಾಡಿಸುವಂತಿರಲಿಲ್ಲ.

ಬಡಪಾಯಿಯಲ್ಲಿ ತುಂಬಿಸಿದ್ದ ಹಾಡನ್ನು, ಗದ್ದಲ ತೆಗೆಸಲೆಂದು, ಗುಂಡಿಗಳ ಆ ದೊಡ್ಡದಕ್ಕೆ ಹಾಕಿದೆ. ಯಾರೂ ಮಾತಾಡದಾಗಿನ ಸದ್ದನ್ನು ಮೊದಲು ಕೇಳಿಸು, ಅದನ್ನು ಗುರುತಿಟ್ಟು ತೆಗೆಯುತ್ತೇನೆ ಎಂದಿತು.

"ಅತ್ತಿ, ಒಂಚೂರು ಸುಮ್ನ ಕುಂದ್ರಿ."

"ನಾ ಯಾವಾಗ ಮಾತಾಡೀನವಾ?" ಎಂದು ಕೂತರು.

ಅತ್ತೆ ಸುಮ್ಮನೆ ಕೂರುವುದೆಂದರೆ ತುಟಿಯೊಳಗೆ "ಶಿವ ಶಿವಾ" ಎನ್ನುತ್ತ ಕೂರುವುದು. ವರ್ಷಗಟ್ಟಲೆ ಕೇಳಿದ ನನ್ನ ಕಿವಿಗೆ ಅದು ಮಾತೇ ಅಲ್ಲ. ಸಾಫ್ಟ್‌ವೇರ್ ಮಾತ್ರ ಆ ದನಿಯನ್ನೇ ಗದ್ದಲವೆಂದು ತಿಳಿದು ಹಾಡನ್ನೆಲ್ಲ ತೊಳೆಯಿತು. ಬಳೆ ಉಳಿಯಿತು, ಕುಕ್ಕರ್ ಉಳಿಯಿತು, ಅತ್ತೆ ಮಾತ್ರ ಕೊಡದೊಳಗೆ ಕೂತು ಗೊಣಗುತ್ತಿದ್ದಂತೆ ಕೇಳಿಸಿತು.

"ಯಾರವಾ ಈಕಿ? ಬಾಯಾಗ ನೀರು ಇಟ್ಕಂಡು ಹಾಡ್ತಾಳಲ್ಲ!" ಎಂದರು ಅತ್ತೆ.

ನನಗೆ ಅಳುವೇ ಬಂತು. ವಿರೂಪಾಕ್ಷನ ದಯೆ, ಬಡಪಾಯಿಯಲ್ಲಿ ಮೊದಲಿನ ಹಾಡು ಹಾಗೇ ಇತ್ತು. ಗದ್ದಲದ ಸಮೇತ ಅದನ್ನೇ ಕಳಿಸಿದೆ.

ಮರುದಿನ ಗಿರಿಜೆಯ ಫೋನು. ಅತ್ತೆಗೂ ಕೇಳಲೆಂದು ಸ್ಪೀಕರಿಗೆ ಹಾಕಿದೆ. "ಅವ್ವಾ, ಆಯಿ ಹಾಡು ಕೇಳಿ ಎಲ್ಲಾರ ಕಣ್ಣಾಗ ನೀರು. ಕೂಸು ಮಾತ್ರ ಒಂದಾ ಸವನ ಚೀರ್ತಿತ್ತು. ನಿನ್ನ 'ಶ್!' ಬಂತು ನೋಡು, ಗಪ್ ಆತು! ಈಗ ಮಲಗ್ಸಾಕ ಅದೊಂದಾ ತುಣುಕು ಹಚ್ತೀವಿ."

"ಹಾಡಿದಾಕಿ ನಾನು, ಹೆಸರು ಈಕಿಗೆ!" ಎಂದರು ಅತ್ತೆ, ಕಟ್ಟಿದ ಗಂಟಲಲ್ಲೇ.

ನಾನು ಚಹಾ ಸೋಸತೊಡಗಿದೆ. ಆ ದೊಡ್ಡ ಸಾಫ್ಟ್‌ವೇರ್ ನನ್ನ ಮಾತು ಕೇಳಿದ್ದರೆ, ಮೊಟ್ಟಮೊದಲು ನಾನು ಅಳಿಸುತ್ತಿದ್ದದ್ದು ಆ "ಶ್!" ಅನ್ನೇ.