ಗಾಳಕ್ಕಿಂತ ಮೊದಲು ಕೆರೆ ಬಲ್ಲೋನು ಬೇಕು

ಬೇರೆಯವರು ಮೀನು ಹಿಡಿಯೋಕೆ ಹೋದ್ರೆ ಒಂದೋ ಮೀನು ಸಿಗುತ್ತೆ, ಇಲ್ಲಾ ಸಿಗಲ್ಲ. ನಾನು ಹೋದ್ರೆ ಮಾತ್ರ ಮೂರನೇದೊಂದು ಆಗುತ್ತೆ.

ಫೋಟೊ

ನಮ್ಮದು ಹೊನ್ನವಳ್ಳಿ ಹತ್ರ ತೆಂಗಿನ ತೋಟ. ನಂಗೆ ಕಾಯಿ ಗೊತ್ತು, ಕೊಬ್ಬರಿ ಗೊತ್ತು, ಮೀನು ತಟ್ಟೇಲಿದ್ರೆ ಗೊತ್ತು. ಒಂದ್ಸಲ ಕೆರೇಲಿ ಬಲೆ ಎಳೆಯೋದನ್ನ ನೋಡ್ತಾ ನಿಂತಿದ್ದೆ. ಬಲೆಯೋನು “ಒಸಿ ಹಿಡ್ಕಳಣ್ಣ” ಅಂತ ಒಂದು ದೊಡ್ಡ ಮೀನು ನನ್ನ ಕೈಗೆ ಕೊಟ್ಟು ಬೀಡಿ ಹಚ್ಚಿದ. ಯಾರೋ ಫೋಟೊ ತೆಗೆದ್ರು. ಮಗಳು ಅದನ್ನೇ ನನ್ನ ವಾಟ್ಸಾಪ್ ಡಿಪಿಗೆ ಹಾಕಿದ್ಲು.

ಆಮೇಲೆ ತುರುವೇಕೆರೆ ಕಡೆಯೋರು ಮಗಳನ್ನ ನೋಡೋಕೆ ಬಂದ್ರು. ಹುಡುಗ, ಹುಡುಗಿ ಇಬ್ಬರಿಗೂ ಒಪ್ಪಿಗೆ. ಹುಡುಗನ ಅಪ್ಪ ಮಾತ್ರ ಉಪ್ಪಿಟ್ಟು ತಿಂದು ಸುಮ್ಮನೆ ಕೂತಿದ್ರು. ನಾನೂ ಸುಮ್ಮನೆ ಕೂತಿದ್ದೆ. ಬಹಳ ಹೊತ್ತಾದ ಮೇಲೆ ಅವರು, “ಯಜಮಾನ್ರೆ, ನಿಮ್ ಫೋಟೊ ನೋಡ್ದೆ. ಗಾಳ ಹಾಕ್ತೀರಾ?” ಅಂದ್ರು.

ಇಲ್ಲ ಅಂದ್ರೆ ಮಾತು ಮತ್ತೆ ನಿಲ್ಲುತ್ತೆ. “ಹೂಂ, ಚಿಕ್ಕೋನಿದ್ದಾಗಿಂದ,” ಅಂದೆ.

“ನಂಗೂ ಅದೇ ಹುಚ್ಚು ಕಣ್ರೀ. ಮಿಕ್ಕಿದ್ ಮಾತು ಕೆರೆ ದಡದಲ್ಲೇ ಆಡಾಣ ಬುಡಿ. ಮುಂದಿನ ತಿಂಗಳು ಬತ್ತೀನಿ.”

ಅವರು ಹೋದ್ಮೇಲೆ ಹೆಂಡ್ತಿ ಸೊಂಟದ ಮೇಲೆ ಕೈ ಇಟ್ಲು. “ಅವ್ರು ಬಾಯ್ತುಂಬ ‘ಬೀಗ್ರೆ’ ಅನ್ನೋಗಂಟ ಸಂಬಂಧ ಗಟ್ಟಿ ಇಲ್ಲ. ಮೀನಿನ ವಿಷಯದಲ್ಲೇ ಸುಳ್ಳು ಹೇಳವ್ರೆ, ಹುಡುಗಿ ವಿಷಯದಲ್ಲಿ ಇನ್ನೇನ್ ಮುಚ್ಚಿಟ್ಟವ್ರೋ ಅಂದ್ಕೊಂಡ್ರೆ?”

“ಕಲೀತೀನಿ ಬುಡು.”

“ಇಪ್ಪತ್ತೈದು ವರ್ಷದಿಂದ ಸ್ಕೂಟರ್ ಸ್ಟ್ಯಾಂಡ್ ಹಾಕೋದು ಕಲ್ತಿಲ್ಲ,” ಅಂತ ಒಳಗೆ ಹೋದ್ಲು.

ಜಾಗ ತೋರ್ಸೋನು

ಕೆರೆ ಬಲ್ಲೋನೊಬ್ಬ ಜೊತೆಗಿದ್ರೆ ಯಾರು ಬೇಕಾದ್ರೂ ಮೀನು ಹಿಡೀಬಹುದು ಅಂತ ಎಲ್ರೂ ಹೇಳಿದ್ರು. ನೇರ ಆ ಬಲೆಯೋನ ಹತ್ರಾನೇ ಹೋದೆ. “ದೊಡ್ಡ ಮೀನಿರೋ ಜಾಗ ತೋರ್ಸಪ್ಪ.”

ತೋರಿಸಿದ. ಜಾಲಿ ಮರದ ಕೆಳಗೆ, ನೆರಳಲ್ಲಿ, ಒಳ್ಳೇ ಜಾಗ. ಬೆಳಿಗ್ಗೆ ಏಳಕ್ಕೆ ಕೂತೋನು ಹನ್ನೆರಡಾದ್ರೂ ಅಲ್ಲಾಡಲಿಲ್ಲ. ಗಾಳವೂ ಅಲ್ಲಾಡಲಿಲ್ಲ.

“ಏನಪ್ಪಾ, ಇಲ್ಲಿ ಮೀನು ಐತಾ?”

“ಐತಾ ಅಂದ್ರೆ? ಹತ್ತತ್ತು ಕೇಜಿದು ಇದ್ವು ಕಣಣ್ಣ. ಹೋದ ವಾರ ನಾನೇ ಬಲೆ ಹಾಕಿ ಎಲ್ಲಾನೂ ಎತ್ಕೊಂಡೆ.”

“ಮತ್ತೆ ನನ್ನ ಯಾಕಪ್ಪಾ ಇಲ್ಲಿ ಕೂರ್ಸಿದ್ದೀಯಾ?”

“ನೀವು ಜಾಗ ಕೇಳಿದ್ರಿ,” ಅಂದ.

ಮೇಲಿಂದ ನೋಡೋನು

ಎರಡನೆಯೋನು ನಮ್ಮ ತೋಟದಲ್ಲಿ ಕಾಯಿ ಕೀಳೋನು. “ದಡದಲ್ಲಿ ಕೂತೋರಿಗೆ ಮೀನು ಎಲ್ಲಣ್ಣ ಕಾಣುತ್ತೆ? ಮರದ ಮೇಲಿಂದ ನೋಡಬೇಕು,” ಅಂದ. ನಂಗೆ ಸರಿ ಅನ್ನಿಸ್ತು.

ಕೆರೆ ಕಡೆಗೆ ಬಾಗಿದ್ದ ಯಾರ್ದೋ ಒಂದು ತೆಂಗಿನ ಮರ ಹತ್ತಿದ. ಮೇಲಿಂದ “ಎಡಕ್ಕೆ ಹಾಕಣ್ಣ! ಇನ್ನೂ ಒಸಿ ಎಡಕ್ಕೆ!” ಅಂತಿದ್ದ. ಎಡಕ್ಕೆ ಹಾಕ್ದೆ. ಆಮೇಲೆ ಮಾತು ನಿಂತು ಹೋಯ್ತು. ದಡಾರ್ ಅಂತ ನೀರಿಗೊಂದು ಕಾಯಿ ಬಿತ್ತು. ಹಿಂದೇನೇ ಇನ್ನೊಂದು. ಮರ ಹತ್ತಿದ್ಮೇಲೆ ಅವನ ಕೈ ಅವನ ಮಾತು ಕೇಳಲ್ಲ. ಬಲಿತ ಗೊನೆ ಪೂರ್ತಿ ಕಿತ್ತು ಹಾಕಿದ ಮೇಲೇನೇ ಅವನಿಗೆ ಕೆರೆ ಜ್ಞಾಪಕ ಬಂದಿದ್ದು.

ಮೀನು ಆಚೆ ದಡ ಸೇರಿರಬೇಕು. ಪರರ ಕಾಯಿ ನೀರಲ್ಲಿ ಬಿಡೋಕಾಗುತ್ತಾ? ಗಾಳದ ಕೋಲಲ್ಲಿ ಒಂದೊಂದೇ ದಡಕ್ಕೆ ಎಳೀತಿದ್ದೆ. ಮರದ ಯಜಮಾನ ಬಂದು ನಿಂತ. ಕಾಯಿ ನೋಡ್ದ, ಕೋಲು ನೋಡ್ದ, ನನ್ನ ಮುಖ ನೋಡ್ದ.

“ಏನಣ್ಣ, ಈ ಸಲ ನಿಮ್ ತೋಟದಲ್ಲಿ ಕಾಯಿ ಬಿಟ್ಟಿಲ್ವಾ?”

ಹಸು ಕರೆಯೋನು

ದಿನ ಹತ್ರ ಬಂತು. ಕೆರೆ ಪಕ್ಕದಲ್ಲೇ ಮನೆ ಇರೋ ವಯಸ್ಸಾದೋರೊಬ್ರ ಹತ್ರ ಹೋದೆ. ಜಾಸ್ತಿ ಮಾತಾಡಲ್ಲ.

“ಮೀನು ಸಿಗುತ್ತಾ ಮಾವ?”

“ಸಿಕ್ರೆ ಸಿಗುತ್ತೆ.”

ಇದುವರೆಗೆ ಯಾರೂ ಇಷ್ಟು ನಿಜ ಹೇಳಿರಲಿಲ್ಲ. ನಾನೂ ನಿಜ ಹೇಳ್ದೆ. “ನಂಗೆ ಗಾಳ ಹಾಕೋಕೆ ಬರಲ್ಲ ಮಾವ. ಬಂದೋರ ಮುಂದೆ ಅದೊಂದು ಬಾಯಿ ಬಿಡಬೇಡಿ. ಮಗಳ ವಿಷಯ.”

“ನಾಲ್ಕೂವರೆಗೆ ನಾನು ಹಸ ಕರೀಬೇಕು,” ಅಂದ್ರು. “ಅಲ್ಲಿಗಂಟ ಹೇಳಲ್ಲ.”

ಹುಡುಗನ ಅಪ್ಪ ಬಂದ್ರು. ಹೊಸ ಕೋಲು, ಹೊಸ ಟೋಪಿ. ದಡದಲ್ಲಿ ಮಾವನೂ ಸೇರಿ ಮೂರೂ ಜನ ಕೂತ್ವಿ. ಅವರು ಹೆಂಗೆ ಹಾಕ್ತಾರೋ ಹಂಗೇ ಹಾಕಾಣ ಅಂತ ನಾನು ಕಾಯ್ತಿದ್ದೆ.

“ಹಾಕಿ ಯಜಮಾನ್ರೆ,” ಅಂದ್ರು.

“ನೀವ್ ಹಾಕಿ. ಬಂದೋರು ನೀವು.”

“ಕೆರೆ ನಿಮ್ಮೂರ್ದು. ನೀವ್ ಮೊದ್ಲು.”

“ಗಂಡಿನ ಕಡೆಯೋರು. ನೀವ್ ಮೊದ್ಲು.”

ಮದುವೆ ಊಟದಲ್ಲಿ ದೊಡ್ಡೋರು ಕೈ ಹಾಕೋವರೆಗೂ ಉಳಿದೋರು ಎಲೆ ಮುಂದೆ ಸುಮ್ಮನೆ ಕೂರ್ತಾರಲ್ಲ, ಹಂಗೆ ಅರ್ಧ ಗಂಟೆ ಕೂತ್ವಿ. ಕೊನೆಗೆ ನಾನೇ ಹಿಟ್ಟಿನ ಉಂಡೆ ತಗೊಂಡೆ. ಕೊಕ್ಕೆ ಚುಚ್ಚುತ್ತಲ್ಲ ಅಂತ ದಾರದ ಮಧ್ಯ ತೇಲೋಕೆ ಕಟ್ಟಿರೋ ಬೆಂಡಿಗೆ ಹಿಟ್ಟು ಮೆತ್ತಿದೆ. ಓರೆಗಣ್ಣಲ್ಲಿ ನೋಡ್ದೆ. ಅವರೂ ಬೆಂಡಿಗೇ ಮೆತ್ತುತಾ ಇದ್ರು. ಸದ್ಯ, ಸರಿಯಾಗೇ ಮಾಡಿದ್ದೀನಿ ಅಂತ ಧೈರ್ಯ ಬಂತು.

ಇಬ್ಬರ ಬೆಂಡೂ ಹಿಟ್ಟು ಹೊತ್ಕೊಂಡು ನೀರ ಮೇಲೆ ಕೂತ್ವು. ಬರೀ ಕೊಕ್ಕೆ ಕೆಳಗೆ ಹೋಯ್ತು. ಮಾವ ಅದನ್ನೂ ನೋಡಿದ್ರು, ನಮ್ಮನ್ನೂ ನೋಡಿದ್ರು. ಒಂದು ಗಂಟೆ ಹೋಯ್ತು. “ನಿಮ್ ಕೆರೆ ಮೀನು ಬಲು ಹುಷಾರು,” ಅಂದ್ರು ಹುಡುಗನ ಅಪ್ಪ. “ಹೂಂ, ಮೊದಲಿಂದ್ಲೂ ಹಂಗೇ,” ಅಂದೆ.

ಮನೇಲಿ ಹಸು ‘ಅಂಬಾ’ ಅಂತು. ಮಾವ ಎದ್ದು ಪಂಚೆ ಕೊಡವಿದ್ರು.

“ನಾಲ್ಕೂವರೆ ಆಯ್ತು. ನಿಮ್ಮಿಬ್ರಿಗೂ ಗಾಳ ಹಾಕಕ್ಕೆ ಬರಲ್ಲ. ಯಾರಾದ್ರೂ ಒಬ್ರು ಒಪ್ಕಂಡ್ರೆ ನಾನು ಹಸ ಕರೆಯಕ್ಕೆ ಹೋಯ್ತೀನಿ.”

ನಾನು ಅವರನ್ನ ನೋಡ್ದೆ. ಅವರು ನನ್ನ ನೋಡಿದ್ರು. ಹೊಸ ಟೋಪಿ ತೆಗೆದು ತೊಡೆ ಮೇಲಿಟ್ಟುಕೊಂಡ್ರು.

“ದೊಡ್ಡೋರು ನೀವು,” ಅಂದೆ. “ನೀವೇ ಮೊದ್ಲು ಒಪ್ಕಳಿ.”

ಅವರು ಹಿಟ್ಟು ಮೆತ್ತಿದ ಎರಡೂ ಕೈ ಜೋಡಿಸಿದ್ರು.

“ಎಲ್ಲಾದ್ರೂ ಉಂಟೇ? ನೀವೇ ಮೊದ್ಲು, ಬೀಗ್ರೆ.”