ಕಡಲವ್ವನಿಗೆ ಉಡಿ ತುಂಬಿದ್ದು

ನಮ್ಮ ಬ್ಯಾಡಗಿ, ರಾಣೆಬೆನ್ನೂರು ಕಡೆಯವರಿಗೆ ನೀರೆಂದರೆ ಮುಂದಕ್ಕೆ ಹೋಗುವಂಥದ್ದು. ತುಂಗಭದ್ರೆ ನಾವು ಏನು ಕೊಟ್ಟರೂ ಮರುಮಾತಾಡದೆ ತೆಗೆದುಕೊಂಡು ಮುಂದಿನ ಊರಿಗೆ ನಡೆದುಬಿಡುತ್ತಾಳೆ. ಕೊಟ್ಟದ್ದನ್ನು ಹಿಂದಕ್ಕೆ ತಂದಿಡುವ ನೀರೂ ಇದೆಯೆಂದು ತಿಳಿದದ್ದು ಎರಡು ಸಾವಿರದ ಆರರಲ್ಲೋ ಏಳರಲ್ಲೋ, ಅವ್ವನಿಗೆ ಸಮುದ್ರ ತೋರಿಸುವ ಹುಕಿ ನನಗೆ ಬಂದಾಗ. ಎಪ್ಪತ್ತು ದಾಟಿದ್ದರೂ ಆಕೆ ಹೊಳೆಗಿಂತ ದೊಡ್ಡ ನೀರು ಕಂಡವಳಲ್ಲ. ಬಾಡಿಗೆ ಗಾಡಿಯಲ್ಲಿ ನಾನು, ಹೆಂಡತಿ, ಅವ್ವ ಶಿರಸಿ ಘಟ್ಟ ಇಳಿದೆವು. ಅವ್ವನ ಮಡಿಲಲ್ಲಿ ದಾರಿಯುದ್ದಕ್ಕೂ ಉಡಿ ತುಂಬುವ ಗಂಟು: ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ರವಿಕೆಗೆ ಹಸಿರು ಖಣ.

"ಮೊದಲ ಸಲ ಅಕಿನ್ನ ನೋಡಾಕ ಹೊಂಟೇವಿ. ಬರಿಗೈಲೆ ಹೋಗ್ತಾರೇನೋ?" ಎಂದಳು.

ಅರಣ್ಯ ಇಲಾಖೆಯವರು ಕಾಪಾಡಿಕೊಂಡು ಬಂದ ಕಡಲತೀರ ಅದು. ಗಾಳಿಮರಗಳ ತೋಪು, ಆಚೆ ಗುಡ್ಡದ ಮೇಲೆ ಮುರುಕು ಕೋಟೆ. ಅಲ್ಲಿದ್ದ ಫಲಕವನ್ನು ನಾನು ಗಟ್ಟಿಯಾಗಿ ಓದಿದೆ: ಹಿಂದೆ ಇಲ್ಲಿಂದ ಹಡಗು ತುಂಬಿ ಕಾಳುಮೆಣಸು ಹೋಗುತ್ತಿತ್ತಂತೆ.

"ನಮ್ಮ ಮೆಣಸಿನಕಾಯಿ ಹೋಗಿಲ್ಲೇನು?"

"ಇಲ್ಲಬೇ."

"ಹಂಗಾರ ಬಿಡು," ಎಂದು ಅವ್ವ ಇತಿಹಾಸಕ್ಕೆ ಬೆನ್ನು ತಿರುಗಿಸಿ ನೀರಿಗೆ ನಡೆದಳು.

ಕೈಮುಗಿದು, ಖಣದಲ್ಲಿ ಎಲ್ಲವನ್ನೂ ಕಟ್ಟಿ ನೀರಿಗೆ ಬಿಟ್ಟಳು. ಮುಂದಿನ ಅಲೆ ಅದನ್ನು ಆಕೆಯ ಪಾದದ ಮೇಲೆಯೇ ತಂದಿಟ್ಟಿತು. ಅವ್ವನ ಮುಖ ಸಪ್ಪಗಾಯಿತು.

"ನನ್ನ ಉಡಿ ಒಲ್ಲೆ ಅಂದ್ಳು," ಎಂದು ಮರಳಲ್ಲಿ ಕುಳಿತೇಬಿಟ್ಟಳು. "ಅಕಿ ತಗೊಳ್ಳೂತನಕ ನಾ ಗಾಡಿ ಹತ್ತೂದಿಲ್ಲ."

ನಾನು ಓದಿದ್ದನ್ನೆಲ್ಲ ಕಲಸಿ, ಚಂದ್ರ ನೀರನ್ನು ಎಳೆಯುವುದರಿಂದ ಹೀಗಾಗುತ್ತದೆಂದು ಹೇಳಿದೆ.

"ಹೆಣ್ಮಕ್ಕಳ ಉಡಿ ವ್ಯವಹಾರದಾಗ ಚಂದ್ರಪ್ಪಂದೇನ್ ಕೆಲಸ?"

ನನ್ನ ವಿಜ್ಞಾನ ಅಲ್ಲಿಗೆ ಮುಗಿಯಿತು. ಸಮುದ್ರ ತೋರಿಸಿ ಸಂತೋಷಪಡಿಸಲು ಹೋಗಿ, ಅವ್ವನನ್ನು ಅಳಿಸಿಕೊಂಡು ಊರಿಗೆ ಹೋಗಬೇಕಲ್ಲ ಎಂದು ಪೇಚಾಡಿದೆ. ಆಗ ಹೆಂಡತಿ ಮೆಲ್ಲಗೆ ಬಾಯಿಬಿಟ್ಟಳು: "ಅತ್ತೀ, ನಮ್ಮ ಮನಿಗೆ ಬಂದವರು ಒಂದ ಸಲಕ್ಕ ಹೋಳಿಗಿ ಹಾಕಿಸ್ಕೊಂತಾರೇನ್ರಿ? ಸಾಕ್ ಸಾಕಂತ ಎಲಿಗೆ ಕೈ ಅಡ್ಡ ಹಿಡಿಯೂದಿಲ್ಲೇನ್ರಿ?"

ಅವ್ವ ಥಟ್ಟನೆ ಎದ್ದಳು. "ಖರೇನ! ನಾ ಒತ್ತಾಯನ ಮಾಡ್ಲಿಲ್ಲ ನೋಡು!"

ಮುಂದಿನದು ನಮ್ಮ ಕಡೆಯ ಪಂಕ್ತಿಯ ಉಪಚಾರವೇ. ಸೀರೆ ಎತ್ತಿಕಟ್ಟಿ, ನನ್ನ ರಟ್ಟೆ ಹಿಡಿದು ಅವ್ವ ಮೊಣಕಾಲು ನೀರಿಗೆ ಇಳಿದಳು. "ಇರಲಿ, ತಗೋ ತಂಗಿ." ಸಮುದ್ರ ಹಿಂದಕ್ಕೆ ಕೊಟ್ಟಿತು. "ನಾಚ್ಕೋಬ್ಯಾಡ, ನಮ್ಮ ಮನೀದು ಅಂತ ತಿಳ್ಕೋ." ಮತ್ತೆ ಕೊಟ್ಟಿತು. ದೊಡ್ಡ ಮನೆತನದ ಹೆಣ್ಣಲ್ಲವೇ, ಸುಲಭಕ್ಕೆ ಒಪ್ಪುವಳಲ್ಲ. "ನನ್ನ ಆಣಿ ಐತಿ!" ಎಂದು ಅವ್ವ ಗಂಟನ್ನು ಬೀಸಿ ಒಗೆದಳು. ಮನೆಯೆತ್ತರದ ಅಲೆ ಬಂದು ಇಬ್ಬರನ್ನೂ ಕೆಡವಿ ಹೊರಳಾಡಿಸಿ ಹೋಯಿತು. ಎದ್ದು ನೋಡಿದರೆ ದಡ ಬರಿದು. ಕಾದೆವು. ಇನ್ನೊಂದು ಅಲೆ ಬಂತು, ಬರಿಗೈಯಲ್ಲಿ.

"ತಗೊಂಡ್ಳು!" ಎಂದು ಅವ್ವ ಎರಡೂ ಕೈ ಎತ್ತಿದಳು. ದಡದಲ್ಲಿದ್ದ ಅಪರಿಚಿತರು ಏನೆಂದು ತಿಳಿಯದೆಯೂ ಚಪ್ಪಾಳೆ ತಟ್ಟಿದರು. ಕೋಟೆ ಗೆದ್ದವರೂ ಹಾಗೆ ನಿಂತಿರಲಾರರು.

ಆನಂದಬಾಷ್ಪ ಒರೆಸಲು ನಾನು ಕೈ ಎತ್ತಿದೆ. ಮೂಗಿನ ಮೇಲೆ ಕನ್ನಡಕವಿರಲಿಲ್ಲ. ಜನ ದೂರದಿಂದ ನೋಡಲು ಬರುವ ಅಲ್ಲಿನ ಸೂರ್ಯಾಸ್ತ ನನಗೆ ಕಂಡದ್ದು ಕದಡಿದ ಕುಂಕುಮದ ನೀರಿನಂತೆ. ಆದರೂ ಊರಿಗೆ ಬಂದಮೇಲೆ ಕೇಳಿದವರಿಗೆಲ್ಲ ಅದನ್ನು ಕಂಡಂತೆಯೇ ಬಣ್ಣಿಸುತ್ತೇನೆ. ನಡುವೆ ಅವ್ವ ಬಾಯಿ ಹಾಕುತ್ತಾಳೆ: "ಉಡಿಗೆ ಅಷ್ಟ ಒತ್ತಾಯ ಮಾಡ್ಬೇಕಾತ್ರಿ. ಇವನ ಚಸ್ಮಾ ಮಾತ್ರ ಕೇಳದನ ತಗೊಂಡ್ಳು."