ಆರು ಮೂಲೆಗಳ ಹಂಚಿಕೆ

ಕಲ್ಲುಬಾವಿಪುರದಲ್ಲಿ ಚರಂಡಿಗೆಂದು ಅಗೆದಾಗ ಸಿಕ್ಕ ಚಪ್ಪಡಿಯ ಮೇಲೆ ಆರು ಮೂಲೆಯ ನಕ್ಷತ್ರವಿದ್ದುದರಿಂದ ಕಾಮಗಾರಿಯನ್ನು ನಿಯಮಾನುಸಾರ ನಿಲ್ಲಿಸಲಾಯಿತು.

ಚಪ್ಪಡಿ ಸಿಕ್ಕಿದ್ದು ಲತಾಮಣಿಯ ಇಡ್ಲಿ ಹೋಟೆಲಿನ ಎದುರಿಗೇ. ಅರ್ಧ ಅಗೆದ ಗುಂಡಿಗೆ ಬೀದಿಯ ಕೊಚ್ಚೆಯೆಲ್ಲ ಬಂದು ತುಂಬಿ, ಉಕ್ಕಿ, ಅವಳ ಒಲೆಯ ಬುಡಕ್ಕೆ ನುಗ್ಗಿತು. ಗಂಡ ತೀರಿಕೊಂಡ ಮೇಲೆ ಅವಳಿಗಿದ್ದುದು ಆ ಒಲೆಯೊಂದೇ.

"ಸಾ, ಆ ಕಲ್ಲ ಒಸಿ ಪಕ್ಕಕ್ಕಿಟ್ಟು ಮೋರಿ ಮುಗಿಸ್ಬುಡಿ," ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ನಟರಾಜು ಅವರ ಮುಂದೆ ಕೈಮುಗಿದಳು.

"ನಕ್ಷತ್ರ ಯಾರ್ದು ಅಂತ ತೀರ್ಮಾನ ಆಗೋವರ್ಗೂ ಯಾರ ಪಕ್ಕಕ್ಕೆ ಇಡೋದಮ್ಮಾ?" ಎಂದರು ನಟರಾಜು. ಅವರ ಮುಖದಲ್ಲಿ ನಿಜವಾದ ಸಂಕಟವಿತ್ತು.

ಸಭೆ ಸೇರಿತು. ಗುಡಿಯ ಹಿರಿಯ ರುದ್ರಯ್ಯನವರು ಮೊದಲು ಎದ್ದರು. "ಮೇಲ್ಮುಖದ ತ್ರಿಕೋನ ಶಿವ, ಕೆಳಮುಖದ್ದು ಶಕ್ತಿ. ಸುಬ್ರಹ್ಮಣ್ಯನ ಯಂತ್ರದಾಗೂ ಇದೇ ಐತೆ. ಇನ್ನೇನ್ ಬೇಕು?"

"ಸುಲೇಮಾನ್ ಪೈಗಂಬರರ ಉಂಗುರದ ಮುದ್ರೆ ಅಯ್ನೋರೆ ಇದು," ಎಂದ ರೇಷ್ಮೆಗೂಡಿನ ವ್ಯಾಪಾರಿ ನಜೀರ್. "ಹಳೇ ಮಸೀದಿ ಜಾಲರಿ ನೋಡಿ, ಗೊತ್ತಾಯ್ತದೆ."

ಮೇಷ್ಟ್ರು ಲೋಕೇಶ್ ಗಂಟಲು ಸರಿಮಾಡಿಕೊಂಡರು. "ಯಹೂದಿಗಳು ಇದನ್ನ ದಾವೀದನ ನಕ್ಷತ್ರ ಅಂತಾರೆ. ಆದ್ರೆ ಅವರ ಧರ್ಮದ ಗುರುತಾಗಿ ಎಲ್ಲಾ ಕಡೆ ಹರಡಿದ್ದು ಈಚಿನ ಶತಮಾನಗಳಲ್ಲೇ. ಅದಕ್ಕೂ ಮುಂಚೆ ಎಷ್ಟೋ ಕಡೆ, ಎಷ್ಟೋ ಜನ ಬರೀ ಅಂದಕ್ಕೆ ಕೆತ್ತುಸ್ತಿದ್ರು."

'ಬರೀ ಅಂದಕ್ಕೆ' ಎಂಬ ಮಾತನ್ನು ಅಧ್ಯಕ್ಷ ಕೆಂಪರಾಜು ನಡಾವಳಿಯಿಂದ ತೆಗೆಸಿದರು. ಯಾರಿಗೂ ಸೇರದ ವಸ್ತುವಿಗೆ ಸಮಿತಿ ರಚಿಸಲು ಅವಕಾಶವಿಲ್ಲ.

ಕೊನೆಗೆ ಆದೇಶ ಹೊರಬಿತ್ತು: 'ಆರು ಮೂಲೆಗಳನ್ನು ಮೂರು ಧರ್ಮಗಳಿಗೆ ತಲಾ ಎರಡರಂತೆ ಹಂಚತಕ್ಕದ್ದು. ಗ್ರಾಮದಲ್ಲಿ ಯಹೂದಿಗಳು ವಾಸವಿಲ್ಲದ ಕಾರಣ, ಅವರು ಖುದ್ದು ಹಾಜರಾಗುವವರೆಗೆ ಅವರ ಮೂಲೆಗಳು ಅಭಿವೃದ್ಧಿ ಅಧಿಕಾರಿಯ ಪ್ರಭಾರದಲ್ಲಿರತಕ್ಕದ್ದು.'

ಚರಂಡಿಯ ಅನುದಾನದಲ್ಲಿ ಚಪ್ಪಡಿಯ ಮೇಲೆ ನಕ್ಷತ್ರದಾಕಾರದ ಮಂಟಪ ಎದ್ದಿತು. ಎತ್ತರದ ಕಟ್ಟೆ, ಮೇಲೆ ಸೂರು, ಒಂದು ಫ್ಯಾನು. ಊರಿನಲ್ಲಿ ಕೊಚ್ಚೆ ಮುಟ್ಟದ ಜಾಗವೆಂದರೆ ಅದೊಂದೇ ಆಯಿತು.

ಒಂದು ಬೆಳಿಗ್ಗೆ ನೀರು ಒಲೆಯನ್ನೇ ನಂದಿಸಿದಾಗ ಲತಾಮಣಿ ಅತ್ತಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಲೆ, ಇಡ್ಲಿ ಪಾತ್ರೆ, ಚಟ್ನಿ ಬೋಸಿ ಎಲ್ಲವನ್ನೂ ಹೊತ್ತು ಮಂಟಪದ ನಟ್ಟನಡುವೆ ಇಟ್ಟಳು.

ನಟರಾಜು ಓಡಿ ಬಂದರು. "ಏನಮ್ಮ ಇದು! ತೆಗಿ ಮೊದ್ಲು!"

"ತಗೀತೀನಿ ಸಾ," ಎಂದಳು, ಒಲೆಗೆ ಸೌದೆ ಒಡ್ಡುತ್ತಾ. "ಹಂಚಿರೋದು ಮೂಲೆ ತಾನೆ? ನಡುಮಧ್ಯ ಯಾರ್ದು ಅಂತ ಏಳ್ಬುಡಿ, ಅವರನ್ನೇ ಕೇಳಿ ತಗೀತೀನಿ."

ನಟರಾಜು ಆದೇಶವನ್ನು ಮತ್ತೆ ಓದಿದರು. ನಡುಭಾಗದ ಪ್ರಸ್ತಾಪವೇ ಇರಲಿಲ್ಲ. ಎರಡು ಇಡ್ಲಿ ತಿಂದು, ತಿದ್ದುಪಡಿ ಹೊರಡಿಸಿದರು: 'ಹಂಚಿಕೆಯಾಗದ ನಡುಭಾಗದಲ್ಲಿ ಹಬೆಗೆ ಅಭ್ಯಂತರವಿಲ್ಲ. ತಿನ್ನುವವರು ಅವರವರ ಮೂಲೆಯಲ್ಲಿ ಕೂರತಕ್ಕದ್ದು.'

ಫ್ಯಾನಿನ ಗಾಳಿ ಮಾತ್ರ ಯಹೂದಿಗಳ ಮೂಲೆಗಳಿಗೇ ಬೀಸುತ್ತಿತ್ತು. ಹೀಗಾಗಿ ಅಲ್ಲಿ ಕೂರಲು ಪಂಚಾಯಿತಿಯಿಂದ ದಿನದ ಪರವಾನಗಿ ಕೊಡುವ ವ್ಯವಸ್ಥೆಯಾಯಿತು. ರುದ್ರಯ್ಯ, ನಜೀರ್ ಇಬ್ಬರೂ ಬೆಳಿಗ್ಗೆಯೇ ಬಂದು ಸರದಿಯಲ್ಲಿ ನಿಲ್ಲುತ್ತಾರೆ.

"ಅಯ್ನೋರೆ, ನಿಜವಾದ ಯಹೂದಿಗಳು ಬಂದ್ಬುಟ್ರೆ ಏನ್ ಮಾಡೋದು?" ಎಂದು ನಜೀರ್ ಒಮ್ಮೆ ಆತಂಕದಿಂದ ಕೇಳಿದ.

ರುದ್ರಯ್ಯನವರು ಇಡ್ಲಿ ಮುರಿದು ಚಟ್ನಿಗೆ ಅದ್ದಿದರು. "ಬರ್ಲಿ ಬುಡು. ನಮ್ಮಂಗೇ ಅರ್ಜಿ ಆಕ್ಲಿ."